ಹಲ್ಲು ತೆಗೆಸುವುದೋ ಬಿಡುವುದೋ: ಸಂಶೋಧನೆಯ ಆಧಾರದಲ್ಲಿ ನಿರ್ಧರಿಸುವ ಕ್ರಮ

"ಕಾಸರಗೋಡಿನ ಡಾಕ್ಟರು ಬುದ್ಧಿಹಲ್ಲು ತೆಗೆಸಲೇಬೇಕು ಅಂದರು. ಮಂಗಳೂರಿನಲ್ಲಿ ತೋರಿಸಿದರೆ, ನೋವಿಲ್ಲದ ಹಲ್ಲನ್ನು ಯಾಕೆ ಕೀಳಿಸುತ್ತೀರಿ ಅಂದರು. ನಾವೀಗ ಯಾರನ್ನು ನಂಬುವುದು?"

ಹಲ್ಲಿನ ವೈದ್ಯನಾದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉಪ್ಪಳದವರೂ ಕೇಳುತ್ತಾರೆ, ಬದಿಯಡ್ಕ, ಮುಳ್ಳೇರಿಯದವರೂ ಕೇಳುತ್ತಾರೆ. ಒಮ್ಮೆ ಬುದ್ಧಿಹಲ್ಲು, ಒಮ್ಮೆ ರೂಟ್ ಕೆನಾಲ್ (ಹಲ್ಲಿನ ಬೇರಿನೊಳಗಿನ ನಾಳವನ್ನು ಶುಚಿಮಾಡಿ ತುಂಬುವ ಚಿಕಿತ್ಸೆ), ಒಮ್ಮೆ ಮಗುವಿನ ಹಾಲುಹಲ್ಲಿನ ಹುಳುಕು. ನಮ್ಮ ಗಡಿನಾಡಿನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಇನ್ನೊಂದು ಅಭಿಪ್ರಾಯ ಪಡೆಯುವುದು ಸುಲಭ. ಎರಡು ಅಭಿಪ್ರಾಯ ಕೈಗೆ ಬಂದ ಮೇಲೆ ಅವನ್ನು ತೂಗುವುದು ಕಷ್ಟ.

ಇಬ್ಬರಲ್ಲಿ ಒಬ್ಬರು ದುಡ್ಡಿಗಾಗಿ ಹೇಳುತ್ತಿದ್ದಾರೆ ಎಂಬ ತೀರ್ಮಾನಕ್ಕೆ ಮಾತ್ರ ಬೇಗ ಬರಬೇಡಿ. ಬಹಳ ಸಲ ಇಬ್ಬರೂ ತಮ್ಮ ಅನುಭವದಲ್ಲಿ ಕಂಡದ್ದನ್ನೇ ಪ್ರಾಮಾಣಿಕವಾಗಿ ಹೇಳಿರುತ್ತಾರೆ. ಸೋಂಕಾಗಿ ದವಡೆ ಊದಿದ ಹತ್ತು ಬುದ್ಧಿಹಲ್ಲುಗಳನ್ನು ಕಂಡವರಿಗೆ ಹನ್ನೊಂದನೆಯದನ್ನು ಬಿಡಲು ಮನಸ್ಸಾಗುವುದಿಲ್ಲ. ಆದರೆ ತೊಂದರೆ ಕೊಡದೆ ಬಾಯಲ್ಲೇ ಉಳಿದ ಬುದ್ಧಿಹಲ್ಲಿನವರು ಯಾವ ಡಾಕ್ಟರ ಬಳಿಗೂ ಬರುವುದಿಲ್ಲ, ಹಾಗಾಗಿ ಅವರು ಯಾರ ಅನುಭವದ ಲೆಕ್ಕಕ್ಕೂ ಸೇರುವುದಿಲ್ಲ. ಆ ಬಿಟ್ಟುಹೋದವರನ್ನೂ ಲೆಕ್ಕಕ್ಕೆ ತರುವುದಕ್ಕೇ ಸಂಶೋಧನೆ ಬೇಕು.

ಈ ಕ್ರಮಕ್ಕೆ ಸಾಕ್ಷ್ಯಾಧಾರಿತ ದಂತ ಚಿಕಿತ್ಸೆ ಎನ್ನುತ್ತಾರೆ. ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು 1996ರಲ್ಲಿ ವೈದ್ಯಶಾಸ್ತ್ರಕ್ಕೆಲ್ಲ ಅನ್ವಯವಾಗುವಂತೆ ಇದನ್ನು ವಿವರಿಸಿದರು. ಸದ್ಯಕ್ಕೆ ಸಿಗುವ ಅತ್ಯುತ್ತಮ ಸಂಶೋಧನೆ, ವೈದ್ಯರ ನುರಿತ ಅನುಭವ, ರೋಗಿಯ ಅಗತ್ಯ ಮತ್ತು ಇಷ್ಟ, ಈ ಮೂರೂ ಸೇರಿ ನಿರ್ಧಾರವಾಗಬೇಕು. ಮೂರನೆಯದು ನಿಮ್ಮ ಪಾಲಿನದು.

ಬೇಕಾದದ್ದು ಹೆಚ್ಚೇನಿಲ್ಲ. ಇಂಟರ್ನೆಟ್ ಇರುವ ಮೊಬೈಲು, ಒಂದು ನೋಟ್‌ಬುಕ್ಕು, ನಿಮ್ಮ ಎಕ್ಸ್‌ರೇ, ನೀವು ದಿನಾ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ. ಜೊತೆಗೆ ಒಂದು ಚೀಟಿ: ನಿಮ್ಮ ತೊಂದರೆಯ ಹೆಸರು, ಹಲ್ಲಿನ ನಂಬರು ಮತ್ತು ಸೂಚಿಸಿದ ಚಿಕಿತ್ಸೆಯ ಹೆಸರನ್ನು ಇಂಗ್ಲಿಷಿನಲ್ಲಿ ಬಿಡಿ ಅಕ್ಷರಗಳಲ್ಲಿ ಬರೆದುಕೊಡಲು ಡಾಕ್ಟರನ್ನು ಕೇಳಿ. ಈ ಚೀಟಿ ಇಲ್ಲದೆ ಹುಡುಕಲು ಕೂತರೆ ಅರ್ಧ ದಿನ ಹಾಳು. "ಹಲ್ಲುನೋವು" ಎಂದು ಹುಡುಕಿದರೆ ಸಿಗುವುದು ಜಾಹೀರಾತು ಮಾತ್ರ.

1. ಮೊದಲು ಇದು ತುರ್ತೋ ಅಲ್ಲವೋ ನೋಡಿ

ಊತ ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಹರಡುತ್ತಿದ್ದರೆ, ಉಗುಳು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಬಾಯಿ ತೆರೆಯಲಾಗದಿದ್ದರೆ, ಊತದ ಜೊತೆ ಜ್ವರ ಬಂದರೆ, ಹಲ್ಲು ಕಿತ್ತ ಜಾಗದಲ್ಲಿ ರಕ್ತ ನಿಲ್ಲದಿದ್ದರೆ ಈ ಲೇಖನವನ್ನು ಬದಿಗಿಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಮಕ್ಕಳು ಬಿದ್ದು ಶಾಶ್ವತ ಹಲ್ಲು ಬೇರು ಸಮೇತ ಕಿತ್ತುಬಂದರೂ ಹಾಗೆಯೇ. ಬೇರನ್ನು ಮುಟ್ಟದೆ, ಬಾಯಲ್ಲಿ ಹೊರಗೆ ಕಾಣುವ ಬಿಳಿ ಭಾಗವನ್ನು ಹಿಡಿದು, ಕೊಳೆಯಿದ್ದರೆ ಸ್ವಲ್ಪ ಹೊತ್ತು ತೊಳೆದು, ಸಾಧ್ಯವಾದರೆ ಆ ಗುಳಿಗೇ ಕೂರಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿ ಆದಷ್ಟು ಬೇಗ, ಒಂದು ಗಂಟೆಯೊಳಗೆ ತಲಪುವಂತೆ ಒಯ್ಯಿರಿ. ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ.

ಬಾಯಲ್ಲಿ ಎರಡು-ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಇದ್ದರೆ ಅದೂ ಕಾಯುವ ವಿಷಯವಲ್ಲ. ಎಲೆ-ಅಡಿಕೆ ಹಾಕುವವರು ಇದನ್ನು ಎರಡು ಸಲ ಓದಿ.

ಇಷ್ಟು ಬಿಟ್ಟರೆ ಹಲ್ಲಿನ ಹೆಚ್ಚಿನ ತೀರ್ಮಾನಗಳಿಗೆ ನಾಲ್ಕು ದಿನ ಯೋಚಿಸುವ ಸಮಯ ಇದ್ದೇ ಇರುತ್ತದೆ.

2. ಪ್ರಶ್ನೆಯನ್ನು ನಾಲ್ಕು ತುಂಡು ಮಾಡಿ

"ಸ್ಕೇಲಿಂಗ್ (ಹಲ್ಲಿನ ಕ್ಲೀನಿಂಗ್) ಒಳ್ಳೆಯದಾ?" ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾರಿಗೆ, ಯಾವುದಕ್ಕಿಂತ, ಯಾವ ವಿಷಯದಲ್ಲಿ ಎಂದು ಗೊತ್ತಾಗದೆ ಒಳ್ಳೆಯದು ಕೆಟ್ಟದ್ದು ಹೇಳಲಾಗದು. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಳ್ಳಿ:

ಯಾರಿಗೆ: ವಯಸ್ಸು, ಸಕ್ಕರೆ ಕಾಯಿಲೆ ಇದೆಯೇ, ಬೀಡಿ-ಎಲೆಅಡಿಕೆ ಅಭ್ಯಾಸವಿದೆಯೇ, ವಸಡಿನ ಸ್ಥಿತಿ ಏನು.
ಏನು ಮಾಡುವುದು: ಡಾಕ್ಟರು ಸೂಚಿಸಿದ ಚಿಕಿತ್ಸೆ.
ಯಾವುದಕ್ಕೆ ಹೋಲಿಸಿ: ಬೇರೆ ಚಿಕಿತ್ಸೆಗೋ, ಅಥವಾ ಏನೂ ಮಾಡದೆ ಬಿಡುವುದಕ್ಕೋ.
ಏನು ಆಗಬೇಕು: ನೋವು ಕಡಿಮೆಯಾಗಬೇಕೇ, ಹಲ್ಲು ಉಳಿಯಬೇಕೇ, ಬರೀ ಬೆಳ್ಳಗಾಗಬೇಕೇ.

ಜನ ಸಾಮಾನ್ಯವಾಗಿ ಬಿಟ್ಟುಬಿಡುವುದು ಮೂರನೆಯದನ್ನು. ನನ್ನ ಮಟ್ಟಿಗೆ ಇಡೀ ವಿಚಾರ ನಿಂತಿರುವುದೇ ಅದರ ಮೇಲೆ. ಯಾವ ಚಿಕಿತ್ಸೆಯೇ ಇರಲಿ, "ಈಗ ಏನೂ ಮಾಡದೆ ಬಿಟ್ಟು, ಆರು ತಿಂಗಳಿಗೊಮ್ಮೆ ನೋಡುತ್ತಾ ಇದ್ದರೆ ಏನಾದೀತು?" ಎಂದು ಕೇಳಲೇಬೇಕು. ಕೆಲವೊಮ್ಮೆ "ಹಲ್ಲೇ ಹೋದೀತು" ಎಂಬ ಉತ್ತರ ಬರುತ್ತದೆ. ಕೆಲವೊಮ್ಮೆ "ಹೆಚ್ಚೇನೂ ಆಗದು" ಎಂದೂ ಬರುತ್ತದೆ.

ಬುದ್ಧಿಹಲ್ಲಿನದನ್ನೇ ತೆಗೆದುಕೊಳ್ಳಿ. ಇಪ್ಪತ್ತೈದರ ಯುವಕ, ದವಡೆಯೊಳಗೆ ಓರೆಯಾಗಿ ಸಿಕ್ಕಿಕೊಂಡ ಹಲ್ಲು. ನೋವಿಲ್ಲ, ಸೋಂಕಿಲ್ಲ, ಮುಂದಿನ ಹಲ್ಲಿಗೆ ಹುಳುಕಿಲ್ಲ. ತೆಗೆಸುವುದಕ್ಕೂ ಬಿಡುವುದಕ್ಕೂ ಹೋಲಿಕೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2000ದಲ್ಲೇ ಹೇಳಿತು: ಯಾವ ರೋಗವೂ ಇಲ್ಲದ ಸಿಕ್ಕಿಕೊಂಡ ಬುದ್ಧಿಹಲ್ಲನ್ನು ಮುನ್ನೆಚ್ಚರಿಕೆಗೆಂದು ತೆಗೆಯುವ ರೂಢಿ ನಿಲ್ಲಬೇಕು. ಆದರೆ ಪದೇ ಪದೇ ಸುತ್ತಲಿನ ವಸಡು ಊದುತ್ತಿದ್ದರೆ, ಮುಂದಿನ ದವಡೆಹಲ್ಲು ಹುಳುಕಾಗುತ್ತಿದ್ದರೆ, ಎಕ್ಸ್‌ರೇಯಲ್ಲಿ ಹಲ್ಲಿನ ಸುತ್ತ ನೀರುಗುಳ್ಳೆಯಂಥದು ಕಂಡರೆ ಪ್ರಶ್ನೆಯೇ ಬೇರೆ, ಉತ್ತರವೂ ಬೇರೆ. ಆರಂಭದಲ್ಲಿ ಹೇಳಿದ ಇಬ್ಬರು ಡಾಕ್ಟರೂ ತಾವು ನೋಡುತ್ತಿದ್ದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿರಬಹುದು. "ನನ್ನ ಹಲ್ಲಿನಲ್ಲಿ ಈಗ ಯಾವ ರೋಗ ಕಾಣುತ್ತಿದೆ, ಎಕ್ಸ್‌ರೇಯಲ್ಲಿ ತೋರಿಸುತ್ತೀರಾ?" ಎಂದರೆ ಎರಡು ನಿಮಿಷದಲ್ಲಿ ಬಗೆಹರಿಯುತ್ತದೆ.

3. ಹುಡುಕುವ ಜಾಗ

ಮೊದಲು ಕೊಕ್ರೇನ್ ಲೈಬ್ರರಿ. ಬ್ರಿಟಿಷ್ ವೈದ್ಯ ಆರ್ಚಿ ಕೊಕ್ರೇನ್ ಅವರ ಹೆಸರಿನಲ್ಲಿ 1993ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಜಾಲದ ಸಂಗ್ರಹ ಇದು. ಒಂದು ಪ್ರಶ್ನೆಯ ಮೇಲೆ ಜಗತ್ತಿನಲ್ಲಿ ನಡೆದ ಎಲ್ಲ ಅಧ್ಯಯನಗಳನ್ನೂ ಹುಡುಕಿ, ಗುಣಮಟ್ಟ ತೂಗಿ, ಒಟ್ಟು ಫಲಿತಾಂಶ ಹೇಳುವ ವರದಿಗೆ ವ್ಯವಸ್ಥಿತ ವಿಮರ್ಶೆ ಎನ್ನುತ್ತಾರೆ. ಕೊಕ್ರೇನಿನ ಪ್ರತಿ ವಿಮರ್ಶೆಗೂ ಸಾಮಾನ್ಯರಿಗಾಗಿ ಸರಳ ಭಾಷೆಯ ಒಂದು ಸಾರಾಂಶವಿದೆ, ಅದನ್ನು ಓದಲು ದುಡ್ಡು ಕೊಡಬೇಕಿಲ್ಲ. ಹಲವು ಸಾರಾಂಶಗಳು ಮಲಯಾಳದಲ್ಲೂ ಇವೆ. ಇಲ್ಲಿ ಶಾಲೆ ಕಲಿತು ಮಲಯಾಳ ಓದಬಲ್ಲ ನಮ್ಮ ಮಕ್ಕಳು ಮನೆಯ ಹಿರಿಯರಿಗೆ ಅದನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳಬಹುದು. ಇದು ಕನ್ನಡದಲ್ಲೂ ಬರಬೇಕೆಂಬುದು ನನ್ನ ಬಹಳ ದಿನದ ಆಸೆ.

ಎರಡನೆಯದು ಮಾರ್ಗಸೂಚಿಗಳು. ನೈಸ್, ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಮುಂತಾದವು ಪ್ರಕಟಿಸುತ್ತವೆ. ಸಂಶೋಧನೆಯನ್ನು ಓದಿ "ಹಾಗಾದರೆ ಏನು ಮಾಡಬೇಕು" ಎಂದು ಹೇಳುವ ಕೆಲಸ ಅವುಗಳದು.

ಮೂರನೆಯದು ಪಬ್‌ಮೆಡ್, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಉಚಿತ ಸೂಚಿ. ಅಲ್ಲಿ ಒಂದೊಂದೇ ಅಧ್ಯಯನ ಸಿಗುತ್ತದೆ, ರಾಶಿ ರಾಶಿಯಾಗಿ. ಹೊಸಬರು ಅಲ್ಲಿಂದ ಶುರುಮಾಡಬೇಡಿ. ಬೇಕಾದ ಉತ್ತರ ಸಿಗುವವರೆಗೆ ಹುಡುಕಿ, ಸಿಕ್ಕಿದ ಕೂಡಲೇ ನಿಲ್ಲಿಸುವ ದುರಭ್ಯಾಸ ಅಲ್ಲೇ ಬರುವುದು.

ವಿಮರ್ಶೆ ಯಾವ ವರ್ಷದ್ದೆಂದು ನೋಡಲು ಮರೆಯಬೇಡಿ. ಒಂದೇ ಹೆಸರಿನ ವಿಮರ್ಶೆಯನ್ನು ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಿಸುತ್ತಾರೆ.

4. ಸಿಕ್ಕಿದ್ದು ಎಷ್ಟು ಗಟ್ಟಿ?

ಇದನ್ನು ಏಣಿಯ ಹಾಗೆ ಯೋಚಿಸಿ. ಕೆಳಗಿನ ಮೆಟ್ಟಿಲಲ್ಲಿ ಒಬ್ಬರ ಅನುಭವ ಮತ್ತು ಪ್ರಯೋಗಾಲಯದ ಅಧ್ಯಯನ. ಅದರ ಮೇಲೆ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ. ಅದರ ಮೇಲೆ ಯಾದೃಚ್ಛಿಕ ನಿಯಂತ್ರಿತ ಪ್ರಯೋಗ, ಅಂದರೆ ಚೀಟಿ ಎತ್ತಿದ ಹಾಗೆ ಅದೃಷ್ಟದ ಮೇಲೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ಹಳೆಯದು ಅಥವಾ ಏನೂ ಇಲ್ಲ, ಹೀಗೆ ಹೋಲಿಸುವುದು. ತುದಿಯಲ್ಲಿ ಇಂಥ ಹಲವು ಪ್ರಯೋಗಗಳ ವ್ಯವಸ್ಥಿತ ವಿಮರ್ಶೆ.

ಒಂದು ಗೊಂದಲ ಇಲ್ಲೇ ಪರಿಹರಿಸುತ್ತೇನೆ. ಈ ಪ್ರಯೋಗವನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಆರ್‌ಸಿಟಿ ಎನ್ನುತ್ತಾರೆ. ನಮ್ಮ ಕ್ಲಿನಿಕ್ಕುಗಳಲ್ಲಿ ಆರ್‌ಸಿಟಿ ಎಂದರೆ ರೂಟ್ ಕೆನಾಲ್ ಚಿಕಿತ್ಸೆ. ಹುಡುಕುವಾಗ ಎರಡೂ ಬೆರೆತು ಬರುತ್ತವೆ. ರೂಟ್ ಕೆನಾಲ್ ಎಂದು ಪೂರ್ತಿ ಹೆಸರು ಹಾಕಿಯೇ ಹುಡುಕಿ.

ಏಣಿಯ ಬಗ್ಗೆ ನಮ್ಮೂರಿನದೇ ಉದಾಹರಣೆ ಎಂದರೆ ಎಳನೀರು. ಕಿತ್ತುಬಂದ ಹಲ್ಲನ್ನು ಎಳನೀರಿನಲ್ಲಿಟ್ಟರೆ ಬೇರಿನ ಮೇಲಿನ ಜೀವಕೋಶಗಳು ಉಳಿಯುತ್ತವೆಯೇ ಎಂದು ಪರೀಕ್ಷಿಸಿದ ಪ್ರಯೋಗಾಲಯದ ಅಧ್ಯಯನಗಳಿವೆ. ತೆಂಗಿನ ನಾಡಿನವರಿಗೆ ಓದಿ ಖುಷಿಯಾಗುವುದು ಸಹಜ. ಆದರೆ ಅವು ಗಾಜಿನ ತಟ್ಟೆಯಲ್ಲಿ ನಡೆದವು, ಫಲಿತಾಂಶಗಳೂ ಒಂದೇ ತೆರನಾಗಿಲ್ಲ. ಅಂತಾರಾಷ್ಟ್ರೀಯ ಮಾರ್ಗಸೂಚಿ ಮೊದಲ ಆಯ್ಕೆಯಾಗಿ ಹೇಳುವುದು ಹಾಲನ್ನೇ. ಮನೆಯಲ್ಲಿ ಹಾಲಿದ್ದರೆ ಎಳನೀರು ಕೆತ್ತಲು ಹೋಗಬೇಡಿ.

ಕೊಬ್ಬರಿ ಎಣ್ಣೆ ಬಾಯಲ್ಲಿ ಮುಕ್ಕಳಿಸುವುದರ ಕತೆಯೂ ಹಾಗೆಯೇ. ಸಣ್ಣ ಸಣ್ಣ ಅಧ್ಯಯನಗಳಿವೆ, ಹೆಚ್ಚಿನವು ಕೆಲವೇ ವಾರಗಳವು. ಹುಳುಕು ತಡೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಮಾಡುವವರು ಮಾಡಲಿ, ಬ್ರಷ್ಷಿನ ಬದಲಿಗೆ ಬೇಡ. ಇದಕ್ಕೆ ಎದುರಾಗಿ ಫ್ಲೋರೈಡ್ ಪೇಸ್ಟನ್ನು ನೋಡಿ. 2003ರ ಕೊಕ್ರೇನ್ ವಿಮರ್ಶೆಯಲ್ಲಿ 70 ಪ್ರಯೋಗಗಳ ಲೆಕ್ಕ ಸೇರಿದೆ, ಮಕ್ಕಳಲ್ಲಿ ಹುಳುಕು ಸರಾಸರಿ 24% ಕಡಿಮೆ. ಎರಡರ ನಡುವೆ ಇರುವುದು ನಂಬಿಕೆಯ ವ್ಯತ್ಯಾಸ ಅಲ್ಲ, ಆಧಾರದ ತೂಕದ ವ್ಯತ್ಯಾಸ.

ಇಲ್ಲಿ ಎಡವುವ ಜಾಗ ಎರಡು. ಒಂದು, ಪೊಟ್ಟಣದ ಮೇಲಿನ "ವೈದ್ಯಕೀಯವಾಗಿ ಸಾಬೀತಾಗಿದೆ". ಯಾರ ಮೇಲೆ, ಯಾವುದಕ್ಕೆ ಹೋಲಿಸಿ, ಅಧ್ಯಯನಕ್ಕೆ ದುಡ್ಡು ಕೊಟ್ಟವರು ಯಾರು ಎಂದು ಅದರಲ್ಲಿ ಇರುವುದಿಲ್ಲ. ಎರಡು, ಇದಕ್ಕಿಂತಲೂ ಸೂಕ್ಷ್ಮವಾದದ್ದು: "ಸಾಕಷ್ಟು ಆಧಾರ ಇಲ್ಲ" ಎಂಬ ಮಾತನ್ನು "ಪ್ರಯೋಜನ ಇಲ್ಲ" ಎಂದು ಓದುವುದು. ಯಾರೂ ಸರಿಯಾಗಿ ಪರೀಕ್ಷಿಸಿಲ್ಲ ಎಂಬುದು ಬೇರೆ, ಪರೀಕ್ಷಿಸಿ ಪ್ರಯೋಜನ ಕಾಣಲಿಲ್ಲ ಎಂಬುದು ಬೇರೆ. ಮೊದಲನೆಯದರಲ್ಲಿ ಡಾಕ್ಟರ ಅನುಭವಕ್ಕೆ ಹೆಚ್ಚು ಬೆಲೆ ಕೊಡಬೇಕು.

5. ಅಂಕಿಗಳನ್ನು ಓದುವಾಗ

ಮೋಸ ಹೋಗುವುದು ಹೆಚ್ಚಾಗಿ ಇಲ್ಲಿ. ಅದಕ್ಕೆ ಕೇರಳದ್ದೇ ಒಂದು ಸಂಶೋಧನೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ನಮ್ಮ ನಾಡಿಗೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಬಾಯಿ ತೆರೆಸಿ, ಬಾಯಿ ಕ್ಯಾನ್ಸರಿನ ಗುರುತಿದೆಯೇ ಎಂದು ಬೆಳಕಿನಲ್ಲಿ ಕಣ್ಣಿಂದ ನೋಡಿದರು. ಯಂತ್ರ ಇಲ್ಲ, ರಕ್ತಪರೀಕ್ಷೆ ಇಲ್ಲ. ಸಂಶಯ ಬಂದವರನ್ನು ವೈದ್ಯರ ಬಳಿ ಕಳುಹಿಸಿದರು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ. 35 ದಾಟಿದ ಸುಮಾರು 1.9 ಲಕ್ಷ ಜನ ಇದರಲ್ಲಿದ್ದರು. 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು.

ಎಲ್ಲರನ್ನೂ ಸೇರಿಸಿ ನೋಡಿದರೆ ಬಾಯಿ ಕ್ಯಾನ್ಸರಿನ ಸಾವು ವರ್ಷಕ್ಕೆ ಲಕ್ಷದಲ್ಲಿ ಎಂದಿನ ಆರೈಕೆಯ ಗುಂಪಿನಲ್ಲಿ 20.7, ಬಾಯಿ ಪರೀಕ್ಷಿಸಿದ ಗುಂಪಿನಲ್ಲಿ 16.4, ಆದರೆ ಇದು ಆಕಸ್ಮಿಕವಾಗಿಯೂ ಬಂದಿರಬಹುದಾದ ವ್ಯತ್ಯಾಸ. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಮಾತ್ರ ಮೊದಲಿನ ಗುಂಪಿನಲ್ಲಿ ಲಕ್ಷದಲ್ಲಿ 45.4, ಪರೀಕ್ಷಿಸಿದ ಗುಂಪಿನಲ್ಲಿ 29.9. ಇದು ಆಕಸ್ಮಿಕ ಎನ್ನುವಂಥದ್ದಲ್ಲ.

ಈಗ ಈ ಒಂದೇ ಫಲಿತಾಂಶವನ್ನು ಎರಡು ಬಗೆಯಲ್ಲಿ ಹೇಳಬಹುದು. "ಸಾವು 34% ಇಳಿಯಿತು" ಎಂದರೆ ಸಾಪೇಕ್ಷ ಇಳಿಕೆ, ಇದ್ದದ್ದರಲ್ಲಿ ಎಷ್ಟು ಪಾಲು ಹೋಯಿತು ಎಂಬ ಲೆಕ್ಕ. "ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 15 ಸಾವು ತಪ್ಪಿತು" ಎಂದರೆ ನಿಜವಾದ ಇಳಿಕೆ. ಎರಡೂ ಸತ್ಯ. ಜಾಹೀರಾತಿನವರು ಯಾವಾಗಲೂ ಮೊದಲನೆಯದನ್ನೇ ಹೇಳುತ್ತಾರೆ. ನೀವು "ನೂರಕ್ಕೆ ಅಥವಾ ಸಾವಿರಕ್ಕೆ ಎಷ್ಟಿದ್ದದ್ದು ಎಷ್ಟಾಯಿತು?" ಎಂದು ಕೇಳಿ.

ಇನ್ನೊಂದು ಪಾಠವೂ ಇದರಲ್ಲಿದೆ. ಅಭ್ಯಾಸ ಇರುವವರಿಗೂ ಇಲ್ಲದವರಿಗೂ ಪರೀಕ್ಷೆ ಒಂದೇ, ಸಿಗುವ ಲಾಭ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಅಡಿಕೆ ನಮ್ಮ ಅನ್ನ, ತೋಟವಿರುವವರ ಮುಂದೆ ಈ ಮಾತು ಆಡುವುದು ನನಗೂ ಸುಲಭವಲ್ಲ. ಆದರೂ ಎಲೆ-ಅಡಿಕೆ ಹಾಕುವವರು ವರ್ಷಕ್ಕೊಮ್ಮೆಯಾದರೂ ಬಾಯಿ ತೋರಿಸಿ. ಬಾಯಿ ತೆರೆಯುವುದು ಕಿರಿದಾಗುತ್ತಾ ಬಂದರೆ, ಖಾರ ತಿಂದರೆ ಒಳಗೆಲ್ಲ ಉರಿದರೆ ವರ್ಷ ಕಾಯಬೇಡಿ.

ಅಂಕಿ ಯಾವುದನ್ನು ಅಳೆದದ್ದು ಎಂದೂ ನೋಡಿ. ಬ್ಯಾಟರಿ ಬ್ರಷ್ಷಿನ ಬಗ್ಗೆ 2014ರ ಕೊಕ್ರೇನ್ ವಿಮರ್ಶೆ, ಮೂರು ತಿಂಗಳ ಮೇಲೆ ಹಲ್ಲಿನ ಪಾಚಿ 21% ಕಡಿಮೆ, ವಸಡಿನ ಉರಿಯೂತ 11% ಕಡಿಮೆ ಎನ್ನುತ್ತದೆ. ನಿಮಗೆ ಬೇಕಾದದ್ದು ಹಲ್ಲು ಹುಳುಕಾಗದಿರುವುದು, ಉದುರದಿರುವುದು. ಪಾಚಿ ಕಡಿಮೆಯಾದದ್ದು ಒಳ್ಳೆಯದೇ, ಆದರೆ ಅದು ಅರ್ಧದಾರಿಯ ಅಳತೆ. ಕೈಯಲ್ಲಿ ದುಡ್ಡಿದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಸಾದಾ ಬ್ರಷ್ಷಿನಲ್ಲಿ ಎರಡು ಹೊತ್ತು ತಿಕ್ಕಿ. ಆದರೆ ಕೈ ನಡುಗುವ ಅಜ್ಜ-ಅಜ್ಜಿಯರಿಗೆ ಕೊಡಿಸಿ ಎಂದೇ ನಾನು ಹೇಳುತ್ತೇನೆ. ಇದು ನನ್ನ ಅನುಭವದ ಮಾತು, ಸಂಶೋಧನೆಯದಲ್ಲ.

6. ಅದು ನನಗೆ ಹೊಂದುತ್ತದೆಯೇ?

ಸಂಶೋಧನೆ ಯಾರ ಮೇಲೆ ನಡೆಯಿತೋ ಅವರ ಹಾಗೆ ನೀವಿದ್ದೀರಾ ಎಂದು ನೋಡುವ ಹಂತ ಇದು. ಓದು-ಬರಹ ಚೆನ್ನಾಗಿ ಬಲ್ಲವರೂ ತಪ್ಪು ಮಾಡುವುದು ಇಲ್ಲೇ.

ಸ್ಕೇಲಿಂಗ್ ಅಂದರೆ ಕ್ಲೀನಿಂಗ್. 2018ರ ಕೊಕ್ರೇನ್ ವಿಮರ್ಶೆ ಇದೆ. ಎರಡು ಪ್ರಯೋಗ, 1,711 ಜನ. ಆರು ಅಥವಾ ಹನ್ನೆರಡು ತಿಂಗಳಿಗೊಮ್ಮೆ ವಾಡಿಕೆಯಂತೆ ಕ್ಲೀನಿಂಗ್ ಮಾಡಿಸಿದವರಿಗೂ ಹಾಗೆ ಮಾಡಿಸದವರಿಗೂ ಎರಡು-ಮೂರು ವರ್ಷದಲ್ಲಿ ವಸಡಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ ಒಬ್ಬರು "ಹಾಗಾದರೆ ನೀವೆಲ್ಲ ಸುಮ್ಮನೆ ಮಾಡುತ್ತಿದ್ದೀರಾ?" ಎಂದು ನನ್ನನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಆ ಪ್ರಯೋಗದಲ್ಲಿದ್ದವರು ಬ್ರಿಟನ್ನಿನವರು, ನಿಯಮಿತವಾಗಿ ಹಲ್ಲಿನ ಡಾಕ್ಟರ ಬಳಿ ಹೋಗುತ್ತಿದ್ದವರು, ತೀವ್ರ ವಸಡಿನ ರೋಗ ಇಲ್ಲದವರು. ಕೇಳಿದವರಿಗೆ ಸಕ್ಕರೆ ಕಾಯಿಲೆ, ಮೂವತ್ತು ವರ್ಷದ ಎಲೆ-ಅಡಿಕೆ, ಹಲ್ಲಿಗೆ ಕಪ್ಪಾಗಿ ಕಟ್ಟಿದ ಕಿಟ್ಟ, ಎರಡು ಹಲ್ಲು ಅಲುಗಾಡುತ್ತಿದ್ದವು. ಅವರಿಗೆ ಬೇಕಾದದ್ದು ವಾಡಿಕೆಯ ಕ್ಲೀನಿಂಗ್ ಅಲ್ಲ, ವಸಡಿನ ರೋಗದ ಚಿಕಿತ್ಸೆ. ಅದಕ್ಕೆ ಬೇರೆಯೇ ಆಧಾರವಿದೆ: 2022ರ ಕೊಕ್ರೇನ್ ವಿಮರ್ಶೆಯ ಪ್ರಕಾರ ಸಕ್ಕರೆ ಕಾಯಿಲೆಯವರಲ್ಲಿ ವಸಡಿಗೆ ಚಿಕಿತ್ಸೆ ಕೊಟ್ಟ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಸರಾಸರಿ 0.43 ಅಂಶ ಇಳಿಯುತ್ತದೆ. 8.4 ಇದ್ದದ್ದು 8 ಆದ ಹಾಗೆ.

ಆರೋಗ್ಯವಂತ ವಸಡಿನವರಿಗೆ ಮಾತ್ರ ಆರು ತಿಂಗಳ ಕಟ್ಟುಪಾಡು ಬೇಕಿಲ್ಲ. ಬ್ರಿಟನ್ನಿನ 51 ದಂತ ಚಿಕಿತ್ಸಾಲಯಗಳಲ್ಲಿ 2,372 ವಯಸ್ಕರನ್ನು ನಾಲ್ಕು ವರ್ಷ ಗಮನಿಸಿದ ಪ್ರಯೋಗವೊಂದು, ತಪಾಸಣೆಯ ಅಂತರವನ್ನು ಅವರವರ ಅಪಾಯಕ್ಕೆ ತಕ್ಕಂತೆ ಹೆಚ್ಚಿಸಿದರೂ ವಸಡಿನ ಸ್ಥಿತಿ ಕೆಡಲಿಲ್ಲ ಎಂದು ತೋರಿಸಿದೆ. "ನನ್ನ ಅಪಾಯ ಎಷ್ಟು? ಮುಂದೆ ಯಾವಾಗ ಬರಬೇಕು?" ಎಂದು ನಿಮ್ಮ ಡಾಕ್ಟರನ್ನೇ ಕೇಳಿ.

ದೂರದ ಪ್ರಶ್ನೆ. ಮುಳ್ಳೇರಿಯದಿಂದ ಮಂಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ರೂಟ್ ಕೆನಾಲ್ ಒಂದೇ ಸಲಕ್ಕೆ ಮುಗಿಸಬಹುದೇ? 2022ರ ಕೊಕ್ರೇನ್ ವಿಮರ್ಶೆ 47 ಅಧ್ಯಯನಗಳನ್ನು ನೋಡಿದೆ. ಒಂದೇ ಭೇಟಿಯಲ್ಲಿ ಮುಗಿಸಿದರೂ ಹಲವು ಭೇಟಿಗಳಲ್ಲಿ ಮಾಡಿದರೂ ಹಲ್ಲು ಉಳಿಯುವುದರಲ್ಲಿ, ಬೇರಿನ ತುದಿ ಮಾಯುವುದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಒಂದೇ ಭೇಟಿಯವರಿಗೆ ಮೊದಲ ವಾರ ನೋವು ಸ್ವಲ್ಪ ಹೆಚ್ಚಿರಬಹುದು. ಇಂಥಲ್ಲಿ ನಿಮ್ಮ ದೂರ, ಕೆಲಸ, ನೋವು ತಡೆಯುವ ಶಕ್ತಿಯೇ ತೀರ್ಮಾನ ಮಾಡಬೇಕು. ಕೀವು ಇಳಿಯುತ್ತಲೇ ಇದ್ದರೆ, ನಾಳ ವಕ್ರವಾಗಿದ್ದರೆ ಡಾಕ್ಟರು ಇನ್ನೊಂದು ಸಲ ಬನ್ನಿ ಎಂದಾರು. ಅದಕ್ಕೆ ಕಾರಣವಿದೆ, ಒತ್ತಾಯಿಸಬೇಡಿ.

ನೋವಿನ ಮಾತ್ರೆಯಲ್ಲೂ ಇದೇ ಎಚ್ಚರ. ಬುದ್ಧಿಹಲ್ಲು ತೆಗೆಸಿದ ನೋವಿಗೆ ಪ್ಯಾರಾಸಿಟಮಾಲ್‌ಗಿಂತ ಐಬುಪ್ರೊಫೆನ್ ಪರಿಣಾಮಕಾರಿ ಎಂದು 2013ರ ಕೊಕ್ರೇನ್ ವಿಮರ್ಶೆ ಹೇಳುತ್ತದೆ. ಆದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಆಗದು. ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಡೆಂಗಿ ಜ್ವರ ಇದ್ದೇ ಇರುತ್ತದೆ. ಜ್ವರ ಇರುವಾಗ ಹಲ್ಲುನೋವಿಗೆಂದು ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಆ್ಯಂಟಿಬಯೋಟಿಕ್ ಬಗ್ಗೆ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಹಲ್ಲಿನ ಒಳಗಿನ ನರ ಊದಿಕೊಂಡು ರಾತ್ರಿಯೆಲ್ಲ ಮಿಡಿಯುವ ನೋವಿಗೆ ಅದರಿಂದ ಉಪಕಾರವಿಲ್ಲ. ಇದರ ಮೇಲಿನ ಕೊಕ್ರೇನ್ ವಿಮರ್ಶೆಗೆ ಸಿಕ್ಕಿದ್ದು 40 ಜನರ ಒಂದೇ ಪ್ರಯೋಗ, ಪೆನಿಸಿಲಿನ್ ನೋವನ್ನು ತಗ್ಗಿಸಲಿಲ್ಲ. ಪ್ರಯೋಗ ಚಿಕ್ಕದು, ನಿಜ. ಆದರೆ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಲಭ್ಯ ಆಧಾರವನ್ನೆಲ್ಲ ತೂಗಿ, ರೋಗನಿರೋಧಕ ಶಕ್ತಿ ಸರಿಯಿರುವ ವಯಸ್ಕರಿಗೆ ಹಲ್ಲಿಗೇ ಚಿಕಿತ್ಸೆ ಕೊಡಲು ಸಾಧ್ಯವಿರುವಾಗ ಇಂಥ ನೋವಿಗೆ ಆ್ಯಂಟಿಬಯೋಟಿಕ್ ಬೇಡ ಎಂದಿದೆ. ಕೇರಳ ಸರಕಾರ 2018ರಲ್ಲೇ ಆ್ಯಂಟಿಬಯೋಟಿಕ್ ಪ್ರತಿರೋಧದ ವಿರುದ್ಧ ತನ್ನದೇ ಕಾರ್ಯಯೋಜನೆ ಹಾಕಿಕೊಂಡಿತು. ಔಷಧದಂಗಡಿಯಲ್ಲಿ "ಮೂರು ದಿನದ್ದು ಕೊಡಿ" ಎಂದು ಕೇಳಿ ತರಬೇಡಿ. ಊತ ಹರಡಿದರೆ, ಜ್ವರ ಬಂದರೆ ಬೇಕಾಗುತ್ತದೆ, ಆಗ ಡಾಕ್ಟರೇ ಬರೆಯುತ್ತಾರೆ.

ಮಕ್ಕಳ ಬಗ್ಗೆ ಚುಟುಕಾಗಿ: ಫ್ಲೋರೈಡ್ ಪೇಸ್ಟು ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಹೊಸದಾಗಿ ಹುಟ್ಟಿದ ಶಾಶ್ವತ ದವಡೆಹಲ್ಲಿನ ಸೀಳುಗಳಿಗೆ ಸೀಲೆಂಟ್ (ತೆಳುವಾದ ಮುಚ್ಚುಪದರ) ಹಾಕಿಸಲು ಒಳ್ಳೆಯ ಆಧಾರವಿದೆ. ಹುಳುಕಾದ ಹಾಲುಹಲ್ಲಿಗೆ ಕೊರೆಯದೆಯೇ ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಹುಳುಕನ್ನು ತಡೆಹಿಡಿಯಬಹುದು. ಆದರೆ ಆ ಜಾಗ ಕಪ್ಪಾಗುತ್ತದೆ, ಅದು ಹೋಗುವುದಿಲ್ಲ. ಹಚ್ಚಿಸುವ ಮೊದಲೇ ತಿಳಿದಿರಲಿ.

7. ಡಾಕ್ಟರ ಮುಂದೆ

ಮೊಬೈಲು ಚಾಚಿ "ಇಲ್ಲಿ ಹೀಗಿದೆ, ನೀವು ಹಾಗೆ ಹೇಳುತ್ತೀರಿ" ಎಂದರೆ ಮಾತು ಅಲ್ಲಿಗೇ ಕೆಡುತ್ತದೆ. ಹೀಗೆ ಕೇಳಿ ನೋಡಿ:

"ಡಾಕ್ಟ್ರೇ, ಇದನ್ನು ಈಗ ಮಾಡಿಸದೆ ಕಾದರೆ ಏನಾಗಬಹುದು?"
"ಇದಕ್ಕೆ ಬೇರೆ ದಾರಿ ಯಾವುದಿದೆ? ನಿಮ್ಮ ಮನೆಯವರಿಗಾದರೆ ಯಾವುದನ್ನು ಮಾಡುತ್ತಿದ್ದಿರಿ?"
"ಇದು ಎಷ್ಟು ವರ್ಷ ಬಾಳಬಹುದು? ಕೆಟ್ಟರೆ ಮುಂದೇನು?"
"ನಾನು ಇಂಥದೊಂದು ಓದಿದೆ. ಅದು ನನಗೆ ಅನ್ವಯಿಸುತ್ತದಾ?"

ಕೊನೆಯ ಪ್ರಶ್ನೆಗೆ ಸಿಡಿಮಿಡಿಗೊಳ್ಳದೆ ಉತ್ತರಿಸುವ ಡಾಕ್ಟರನ್ನು ಬಿಡಬೇಡಿ. "ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಎಂದವರ ಮೇಲೆ ವಿಶ್ವಾಸ ಹೆಚ್ಚಲಿ.

ಭಾಷೆಯದ್ದೊಂದು ತೊಡಕು ನಮಗಿದೆ. ಹಲವು ಕಡೆ ಒಪ್ಪಿಗೆಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಹಿರಿಯರು ಓದದೆಯೇ ಸಹಿ ಹಾಕಿಬಿಡುತ್ತಾರೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. "ಕನ್ನಡದಲ್ಲಿ ಓದಿ ಹೇಳಿ" ಎಂದು ಕೇಳುವುದು ನಿಮ್ಮ ಹಕ್ಕು. ಓದಬಲ್ಲ ಮಗನನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ತುಳುವಿನಲ್ಲಿ ನೋವು ವಿವರಿಸುವುದು ಸುಲಭವೆನಿಸಿದರೆ ಹಾಗೆಯೇ ಹೇಳಿ. ಇಲ್ಲಿನ ಹೆಚ್ಚಿನ ಡಾಕ್ಟರಿಗೆ ಅದು ಅರ್ಥವಾಗುತ್ತದೆ.

8. ತೀರ್ಮಾನ ಬರೆದಿಡಿ

ನೋಟ್‌ಬುಕ್ಕಿನಲ್ಲಿ ತಾರೀಕು, ಹಲ್ಲಿನ ನಂಬರು, ಏನು ತೀರ್ಮಾನಿಸಿದಿರಿ, ಯಾಕೆ, ಇಷ್ಟನ್ನು ಬರೆಯಿರಿ. ಎಕ್ಸ್‌ರೇಯ ಫೋಟೋ ತೆಗೆದು ಮೊಬೈಲಿನಲ್ಲಿಡಿ. ಫಿಲ್ಮು ನಮ್ಮ ಮಳೆಗಾಲದ ತೇವಕ್ಕೆ ಅಂಟಿಕೊಂಡು ಹಾಳಾಗುತ್ತದೆ.

ಕಾದುನೋಡುವುದೆಂದು ತೀರ್ಮಾನಿಸಿದ್ದರೆ ಮುಂದಿನ ತಪಾಸಣೆಯ ತಾರೀಕನ್ನು ಅವತ್ತೇ ಕೇಳಿ ಬರೆದುಕೊಳ್ಳಿ. ತಾರೀಕಿಲ್ಲದೆ ಕಾಯುವುದು ಕಾಯುವುದಲ್ಲ, ಮರೆಯುವುದು. ನಡುವೆ ಯಾವ ಲಕ್ಷಣ ಕಂಡರೆ ತಾರೀಕಿಗೆ ಕಾಯದೆ ಬರಬೇಕೆಂದೂ ಕೇಳಿಟ್ಟುಕೊಳ್ಳಿ. ಬುದ್ಧಿಹಲ್ಲಾದರೆ ವಸಡು ಊದುವುದು, ಬಾಯಿ ತೆರೆಯಲು ಬಿಗಿಯಾಗುವುದು, ಮುಂದಿನ ಹಲ್ಲಿಗೆ ತಣ್ಣೀರು ಜುಮ್ಮೆನ್ನುವುದು. ಮುಂದಿನ ಸಲ ಅದೇ ಹಲ್ಲಿನ ಎಕ್ಸ್‌ರೇ ತೆಗೆದಾಗ ಹಳೆಯ ಫೋಟೋವನ್ನು ಪಕ್ಕದಲ್ಲಿಟ್ಟು ತೋರಿಸಿ. ಡಾಕ್ಟರು ಬೇರೆಯವರಾದರೂ, ಊರು ಬೇರೆಯಾದರೂ, ಏನು ಬದಲಾಗಿದೆ ಎಂದು ಇಬ್ಬರಿಗೂ ಒಟ್ಟಿಗೇ ಕಾಣುತ್ತದೆ.